ಗೋಡೆಚಿತ್ರಗಳ ಸಂದೇಶವನ್ನು ಓದಲು ಮಕ್ಕಳಿಗೆ ಹೇಗೆ ಕಲಿಸುವುದು?

ಪ್ರಶ್ನೆ

ಹತ್ತು–ಹನ್ನೆರಡು ವರ್ಷದ ಮಕ್ಕಳಿಗೆ ನಾನು ಚಿತ್ರಕಲೆ ಕಲಿಸುತ್ತೇನೆ. ಬೀದಿ ಗೋಡೆಗಳ ಮೇಲಿನ ಚಿತ್ರಗಳ ಫೋಟೊ ತೋರಿಸಿ ಸಂದೇಶವೇನೆಂದು ಕೇಳಿದರೆ, ಬಹಳಷ್ಟು ಮಕ್ಕಳು 'ಪರಿಸರ ಉಳಿಸಿ', 'ಯುದ್ಧ ಬೇಡ' ಎಂಬ ಸಿದ್ಧ ಘೋಷಣೆಗಳನ್ನು ಒಪ್ಪಿಸುತ್ತಾರೆ. ಉಳಿದವರು ನನ್ನ ಮುಖ ನೋಡಿಕೊಂಡು ಉತ್ತರವನ್ನು ಊಹಿಸುತ್ತಾರೆ. ಕಲಾವಿದರ ಉದ್ದೇಶವನ್ನು ನಾನು ಮೊದಲೇ ಹೇಳಬೇಕೇ, ಕೊನೆಗೆ ಹೇಳಬೇಕೇ ಅಥವಾ ಹೇಳಲೇಬಾರದೇ?

ಉತ್ತರ 1

ಸಂದೇಶವನ್ನು ಮೊದಲಿಗೇ ಕೇಳಬೇಡಿ. ಕಲಾ ಶಿಕ್ಷಣ ತಜ್ಞರಾದ ಫಿಲಿಪ್ ಯೆನವೈನ್ ಮತ್ತು ಅಬಿಗೇಲ್ ಹೌಸನ್ ರೂಪಿಸಿದ ಬೋಧನಾ ಕ್ರಮದಲ್ಲಿ ಮೂರೇ ಪ್ರಶ್ನೆಗಳಿವೆ: ಇಲ್ಲಿ ಏನು ನಡೆಯುತ್ತಿದೆ, ಹಾಗೆನ್ನಲು ಚಿತ್ರದಲ್ಲಿ ಏನು ಕಂಡಿರಿ, ಇನ್ನೇನು ಕಾಣುತ್ತದೆ. ಎಲ್ಲ ಕೆಲಸವೂ ನಡೆಯುವುದು ಎರಡನೆಯ ಪ್ರಶ್ನೆಯಲ್ಲಿ. ಪ್ಯಾಲೆಸ್ಟೀನಿನ ಬೆತ್ಲೆಹೆಮ್ ಸಮೀಪದ ಬೇಟ್ ಸಾಹೂರ್‌ನಲ್ಲಿ ಬ್ರಿಟನ್ನಿನ ಬೀದಿ ಕಲಾವಿದ ಬ್ಯಾಂಕ್ಸಿ 2003ರಲ್ಲಿ ಬಿಡಿಸಿದ ಚಿತ್ರವನ್ನೇ ತೆಗೆದುಕೊಳ್ಳಿ. ಮುಖಕ್ಕೆ ಬಟ್ಟೆ ಕಟ್ಟಿ, ಟೋಪಿಯನ್ನು ಹಿಂದುಮುಂದಾಗಿ ಹಾಕಿ, ತೋಳನ್ನು ಹಿಂದಕ್ಕೆ ಎಳೆದು ನಿಂತ ಆ ಯುವಕ ಕಲ್ಲೆಸೆಯುವವನಂತೆಯೇ ಇದ್ದಾನೆ. ಆದರೆ ಕೈಯಲ್ಲಿರುವುದು ಹೂಗುಚ್ಛ. ಅವನ ಮೈಯೆಲ್ಲ ಕಪ್ಪು ಬಿಳುಪಿನಲ್ಲಿದ್ದು ಹೂಗಳಿಗೆ ಮಾತ್ರ ಬಣ್ಣವಿದೆ. ಇದನ್ನು ಮಕ್ಕಳೇ ಗುರುತಿಸಿದ ಮೇಲೆ 'ಶಾಂತಿ' ಎಂದರೂ ಚಿಂತೆಯಿಲ್ಲ, ಏಕೆಂದರೆ ಆ ಮಾತಿಗೆ ಆಧಾರ ಸಿಕ್ಕಿರುತ್ತದೆ.

ಉತ್ತರ 2

ಮೇಲಿನ ಕ್ರಮ ಒಳ್ಳೆಯದೇ, ಆದರೆ ನೋಟವೊಂದೇ ಸಾಲದ ಚಿತ್ರಗಳೂ ಇವೆ. ಬರ್ಲಿನ್ ಗೋಡೆಯ ಉಳಿದ ಭಾಗದ ಮೇಲೆ ರಷ್ಯದ ಕಲಾವಿದ ಡ್ಮಿಟ್ರಿ ವ್ರೂಬೆಲ್ 1990ರಲ್ಲಿ ಬಿಡಿಸಿದ ಚಿತ್ರದಲ್ಲಿ ಇಬ್ಬರು ವೃದ್ಧರು ತುಟಿಗೆ ತುಟಿಯಿಟ್ಟು ಮುತ್ತಿಕ್ಕುತ್ತಿದ್ದಾರೆ. ಮಕ್ಕಳು ನಗುತ್ತಾರೆ, ನಗಲಿ. ಅವರು ಸೋವಿಯತ್ ನಾಯಕ ಬ್ರೆಝ್ನೇವ್ ಮತ್ತು ಪೂರ್ವ ಜರ್ಮನಿಯ ನಾಯಕ ಹೊನೆಕರ್ ಎಂಬುದನ್ನೂ, ಚಿತ್ರಕ್ಕೆ 1979ರ ನಿಜವಾದ ಫೋಟೊ ಆಧಾರವೆಂಬುದನ್ನೂ, ಜನರನ್ನು ಬೇರ್ಪಡಿಸಿದ್ದ ಗೋಡೆಯ ಮೇಲೆಯೇ ಇದು ಮೂಡಿದೆ ಎಂಬುದನ್ನೂ ತಿಳಿಸದೆ ಎಷ್ಟು ಹೊತ್ತು ನೋಡಿಸಿದರೂ ಅದರ ವ್ಯಂಗ್ಯ ಅವರಿಗೆ ಹೊಳೆಯುವುದಿಲ್ಲ. ಆದ್ದರಿಂದ ಇತಿಹಾಸವನ್ನು ಮೊದಲಲ್ಲ, ಕೊನೆಗೂ ಅಲ್ಲ, ನಡುವೆ ಹೇಳಿ. ಬಳಿಕ ಅದೇ ಚಿತ್ರವನ್ನು ಮತ್ತೆ ನೋಡಿಸಿ. ಅಭಿಪ್ರಾಯ ಏಕೆ ಬದಲಾಯಿತೆಂದು ಮಕ್ಕಳು ವಿವರಿಸುವುದೇ ನಿಜವಾದ ಪಾಠ.

ಉತ್ತರ 3

ನೀವಿಬ್ಬರೂ ಚೌಕಟ್ಟಿನೊಳಗಿನದನ್ನೇ ಹೆಚ್ಚು ಹೇಳಿದಿರಿ. ಬೀದಿಯ ಚಿತ್ರಕ್ಕೆ ಜಾಗವೂ ಅರ್ಥದ ಭಾಗ. ಅಮೆರಿಕದ ಕಲಾವಿದ ಕೀತ್ ಹ್ಯಾರಿಂಗ್ 1986ರಲ್ಲಿ ಮಾದಕ ವಸ್ತುವಿನ ವಿರುದ್ಧ ನ್ಯೂಯಾರ್ಕ್‌ನ ಆಟದಂಗಳವೊಂದರ ಗೋಡೆಯ ಮೇಲೆ ಬರೆದ ಚಿತ್ರ ಹೆದ್ದಾರಿಯ ಪಕ್ಕದಲ್ಲಿದೆ. ದಪ್ಪ ಅಕ್ಷರ, ದಪ್ಪ ರೇಖೆ, ಎದ್ದು ಕಾಣುವ ಕಿತ್ತಳೆ ಬಣ್ಣ. ಇದನ್ನು ಯಾರು, ಎಷ್ಟು ದೂರದಿಂದ, ಎಷ್ಟು ವೇಗದಲ್ಲಿ ಹೋಗುತ್ತಾ ನೋಡುತ್ತಾರೆ ಎಂದು ಕೇಳಿ. ಚಿತ್ರವನ್ನಷ್ಟೇ ಕತ್ತರಿಸಿದ ಫೋಟೊ ಬಿಟ್ಟು ಸುತ್ತಲಿನ ರಸ್ತೆಯೂ ಕಾಣುವ ಫೋಟೊ ತೋರಿಸಿ. ಹ್ಯಾರಿಂಗ್ ಅದನ್ನು ಅನುಮತಿಯಿಲ್ಲದೆ ಬರೆದು ದಂಡ ತೆತ್ತರು, ಮುಂದೆ ಅನುಮತಿ ಪಡೆದೇ ಮತ್ತೆ ಬರೆದರು. ಅನುಮತಿಯಿಲ್ಲದೆ ಬರೆಯುವುದು ಸರಿಯೇ ಎಂಬ ಚರ್ಚೆಯನ್ನು ಶಿಕ್ಷಕರು ಹಲವೊಮ್ಮೆ ಜಾರಿಸಿಬಿಡುತ್ತಾರೆ, ಅದು ತಪ್ಪೆಂದು ನನ್ನ ಎಣಿಕೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಒಂದೇ ಚಿತ್ರಕ್ಕೆ ಇಬ್ಬರು ಮಕ್ಕಳು ತದ್ವಿರುದ್ಧ ಅರ್ಥ ಹೇಳಿದರೆ?

ಉತ್ತರ 1

ಇಬ್ಬರಿಗೂ ಚಿತ್ರದಲ್ಲಿ ತಮ್ಮ ಅರ್ಥಕ್ಕೆ ಒಗ್ಗದ ಒಂದು ವಿವರವನ್ನು ಹುಡುಕಲು ಹೇಳಿ. ಅಂಥ ವಿವರ ಯಾರ ಅರ್ಥಕ್ಕೂ ಅಡ್ಡಬರದಿದ್ದರೆ ಎರಡನ್ನೂ ಹಲಗೆಯ ಮೇಲೆ ಹಾಗೆಯೇ ಉಳಿಸಿ.