ಹದಿಮೂರು ದಿನದ ಒಡೆತನ

ಕಕ್ಕಡ ಹದಿನೆಂಟರ ದಿನ, ಎಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನವಾದ ಆಗಸ್ಟ್ 3ರಂದು, ಮಡಿಕೇರಿಯ ನಮ್ಮ ಮನೆಯ ಜಗಲಿಯಲ್ಲಿ ಮದ್ದುಸೊಪ್ಪಿನ ಪಾಯಸ ತಿನ್ನಲು ಸೇರಿದ್ದವರು ಮಂಗಳೂರಿನ ವಿಷಯಕ್ಕೆ ಜಗಳಕ್ಕಿಳಿದದ್ದು ಒಂದು ಹಂಚಿನ ದೆಸೆಯಿಂದ. ಬೆಳಗಿನಿಂದ ಹಿಡಿದ ಮಳೆಗೆ ಮಾಡಿನ ಹಂಚೊಂದು ಸರಿದು, ಗುರಿಯಿಟ್ಟಂತೆ ಮೇಷ್ಟರ ಪಾಯಸದ ಬಟ್ಟಲಿಗೇ ತೊಟ್ಟಿಕ್ಕತೊಡಗಿತು. ಏಣಿ ಹತ್ತಿ ಅದನ್ನು ಇಳಿಸಿ ನೋಡಿದರೆ, ಮಸಿ ಹಿಡಿದ ಒಳಮೈಯಲ್ಲಿ ಕಾರ್ಖಾನೆಯ ಹೆಸರೆಲ್ಲ ಸವೆದುಹೋಗಿ, ಮಂಗಳೂರು ಎಂಬ ಊರಿನ ಹೆಸರಷ್ಟೇ ಬೆರಳಿಗೆ ತಗಲುವಂತೆ ಉಬ್ಬಿ ಉಳಿದಿತ್ತು.

"ನೋಡಿದಿರಾ, ನಿಮ್ಮ ಪ್ರೀತಿಯ ಊರು ನಿಮ್ಮ ತಲೆಯ ಮೇಲೆಯೇ ಸೋರುತ್ತಿದೆ" ಎಂದರು ಮಾವ. ಕಾಫಿ ತೋಟದ ಮಾವನವರ ಪ್ರಕಾರ ಮಂಗಳೂರೆಂದರೆ ಬೆವರು, ಲಾರಿ, ಒಣಮೀನಿನ ವಾಸನೆ ಮತ್ತು ಆಸ್ಪತ್ರೆಯ ಬಿಲ್ಲು. ಆದರೂ ರೈಲು ಹಳಿಯೇ ಇಲ್ಲದ ಈ ಜಿಲ್ಲೆಯಲ್ಲಿ ಎದೆ ನೋವು ಬಂದವರೂ, ಮುಂಬಯಿಯ ರೈಲು ಹಿಡಿಯಬೇಕಾದವರೂ, ಮಗಳ ಕಾಲೇಜಿನ ಸೀಟಿಗೆ ಅಲೆಯುವವರೂ ಸಂಪಾಜೆಯ ಘಾಟಿಯಿಳಿದು ಅಲ್ಲಿಗೇ ಓಡುವುದನ್ನು ಅವರೂ ಬಲ್ಲರು. ಕಷ್ಟಕ್ಕೆ ಮಾತ್ರ ನೆನಪಾಗುವ ನೆಂಟರನ್ನು ಬಯ್ಯುವಷ್ಟು ಸುಲಭವಾಗಿ ನಾವು ಆ ಊರನ್ನು ಬಯ್ಯುತ್ತೇವೆ.

ಮೇಷ್ಟರು ಪಾಯಸದ ನಷ್ಟವನ್ನು ಮರೆತು ಪಾಠಕ್ಕೆ ತೊಡಗಿದರು. ಕ್ರೈಸ್ತ ಮಿಶನರಿಗಳಾದ ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು, ನದೀತೀರದ ಜೇಡಿಮಣ್ಣು ಅಲ್ಲಿಂದಾಚೆಗೆ ಊರೂರಿನ ಮಾಡು ಏರಿದ್ದು, ಕೊನೆಗೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ ಕೆಲವು ಜಾಗಗಳಲ್ಲಿ ಅಪಾರ್ಟ್‌ಮೆಂಟುಗಳು ಎದ್ದದ್ದು, ಇಷ್ಟನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. "ಈಗ ನಮ್ಮ ಹೋಂಸ್ಟೇಗಳವರು ಹಳೆಯ ಹಂಚನ್ನು ಹುಡುಕಿ ಕೊಳ್ಳುತ್ತಾರೆ, ಸಿಗದಿದ್ದರೆ ಹೊಸ ಹಂಚಿಗೆ ಪಾಚಿಯ ಬಣ್ಣ ಬಳಿಸುತ್ತಾರೆ. ಮಂಗಳೂರಿಗೂ ಈಗ ಅದೇ ಯೋಗ ಬಂದಿದೆ" ಎಂದು ನಿಟ್ಟುಸಿರಿಟ್ಟರು.

ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ನನ್ನ ಅಳಿಯನಿಗೆ ಇದು ತಾಗಿತು. ಊರು 2016ರಲ್ಲಿ ಸ್ಮಾರ್ಟ್ ಸಿಟಿಯ ಪಟ್ಟಿಗೆ ಸೇರಿದ ಮೇಲೆ ಹಿಂದೆ ಕೆಡವಿ ಹಾಕಿದ್ದ ಗಡಿಯಾರ ಗೋಪುರವನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದನ್ನೂ, ನೇತ್ರಾವತಿಯ ದಂಡೆಯಲ್ಲಿ ಜನ ಅಡ್ಡಾಡಲು ಹಾದಿ ಮಾಡುತ್ತಿರುವುದನ್ನೂ ಅವನು ಹೆಮ್ಮೆಯಿಂದ ವರ್ಣಿಸಿದ. "ಮೊದಲು ಕೆಡವಿ, ಆಮೇಲೆ ಅದನ್ನೇ ಕಟ್ಟುವುದಕ್ಕೆ ಅಭಿವೃದ್ಧಿ ಎನ್ನುವುದಾದರೆ, ನಮ್ಮ ಮನೆಯ ದನದ ಕೊಟ್ಟಿಗೆ ಮೂರು ಸಲ ಅಭಿವೃದ್ಧಿಯಾಗಿದೆ" ಎಂದರು ಮಾವ.

ಇಷ್ಟು ಹೊತ್ತು ಸುಮ್ಮನಿದ್ದ ಸಂಪಾಜೆಯ ಗೌಡರು ಆಗ ಗಂಟಲು ಸರಿಪಡಿಸಿಕೊಂಡರು. ಮಂಗಳೂರಿನ ಮಾತು ಬಂದರೆ ಗೌಡರು ಪ್ರವಾಸಿಯಂತೆ ಮಾತನಾಡುವುದಿಲ್ಲ, ಒಡೆಯರಂತೆ ಮಾತನಾಡುತ್ತಾರೆ. 1837ರ ಏಪ್ರಿಲಿನಲ್ಲಿ ಅಮರಸುಳ್ಯದ ರೈತರು ಕಂಪನಿ ಸರ್ಕಾರದ ವಿರುದ್ಧ ದಂಡೆತ್ತಿ ಹೋಗಿ, ಮಂಗಳೂರಿನ ಬಾವುಟಗುಡ್ಡದಲ್ಲಿ ತಮ್ಮ ಬಾವುಟ ಹಾರಿಸಿ, ಹದಿಮೂರು ದಿನ ಊರನ್ನು ಕೈಯಲ್ಲಿಟ್ಟುಕೊಂಡಿದ್ದರಷ್ಟೆ. ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಈಗ ಅದೇ ಗುಡ್ಡದಲ್ಲಿದೆ. "ನಮಗೆ ಸಿಕ್ಕಿದ್ದು ಹದಿಮೂರೇ ದಿನ. ಹದಿಮೂರು ವರ್ಷ ಸಿಕ್ಕಿದ್ದರೆ ಆ ನದೀತೀರದ ಹಾದಿ ಅಂದೇ ಮುಗಿಯುತ್ತಿತ್ತು" ಎಂದು ಗೌಡರು ಅತ್ಯಂತ ಗಂಭೀರವಾಗಿ ಹೇಳಿದರು. ಅವರು ಮಂಗಳೂರಿನಲ್ಲಿ ಬಸ್ಸಿಳಿದೊಡನೆ ಸೊಂಟಕ್ಕೆ ಕೈಯಿಟ್ಟು ಸುತ್ತಲೂ ನೋಡುವ ರೀತಿಯನ್ನು ಕಂಡವರಿಗೆ ಈ ಮಾತು ತಮಾಷೆಯೆನಿಸದು.

ನನ್ನ ಮಂಗಳೂರು ಇವರಾರ ಮಂಗಳೂರೂ ಅಲ್ಲ, ಅದು ಹಳೆಯ ಬಂದರು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕರಿಮೆಣಸಿನ ಮೂಟೆಗಳ ಮೇಲೆ ಕುಳಿತು ಲಾರಿಯಲ್ಲಿ ಅಲ್ಲಿಗೆ ಹೋಗಿದ್ದೆ. ಎರಡು ಕೈಗಾಡಿ ಎದುರಾದರೆ ಮೂರನೆಯವನು ಗೋಡೆಗೆ ಅಂಟಿ ನಿಲ್ಲಬೇಕಾದ ಗಲ್ಲಿ; ಅಕ್ಕಿ, ಏಲಕ್ಕಿ, ಒಣಸಿಗಡಿಗಳ ವಾಸನೆ ಒಂದರ ಮೇಲೊಂದು ಕುಳಿತ ಗೋಡೌನುಗಳು. ಮಂಡಿಯ ಸಾಹುಕಾರರು ಮೊನೆಯುಳ್ಳ ಕಬ್ಬಿಣದ ಕೊಳವೆಯನ್ನು ಮೂಟೆಗೆ ಚುಚ್ಚಿ, ಅಂಗೈಗೆ ಉದುರಿದ ಕಾಳನ್ನು ಹೆಬ್ಬೆರಳಿನಿಂದ ಉಜ್ಜಿ, ಮೂಗಿನ ಬಳಿ ಹಿಡಿದು, ಏನೂ ಹೇಳದೆ ಚಹಾ ತರಿಸಿದರು. ಆ ಚಹಾ ಮುಗಿಯುವವರೆಗೆ ಅಪ್ಪ ಉಸಿರು ಬಿಟ್ಟದ್ದನ್ನು ನಾನು ಕಾಣೆ. ಗಲ್ಲಿಯ ಕೊನೆಯಲ್ಲಿ ನದಿಯಿತ್ತು, ನದಿಯಲ್ಲಿ ಲಕ್ಷದ್ವೀಪಕ್ಕೆ ಹೊರಟ ಮಂಜಿ, ಎಂದರೆ ಸರಕಿನ ದೋಣಿಯಿತ್ತು. ಅದರೊಳಕ್ಕೆ ತರಕಾರಿಯ ಗೋಣಿಗಳ ಹಿಂದೆ ಒಂದು ಆಡು ಕೂಡ ತನ್ನಷ್ಟಕ್ಕೆ ನಡೆದುಹೋಯಿತು. ಅಳಿವೆಯ ಮರಳಿನ ದೆಸೆಯಿಂದ ದೊಡ್ಡ ಹಡಗುಗಳು ಒಳಗೆ ಬರಲಾಗದೆ, 1970ರ ದಶಕದಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಎದ್ದ ಮೇಲೂ ಈ ಮುದುಕ ಬಂದರು ತನ್ನ ಸಣ್ಣ ವ್ಯಾಪಾರವನ್ನು ಬಿಟ್ಟಿಲ್ಲ. ಇಂಥ ಗಲ್ಲಿಗೂ ಬಣ್ಣ ಬಳಿದು, ಗೋಡೌನಿನಲ್ಲಿ ಕಾಫಿ ಅಂಗಡಿ ತೆರೆದು, ಅಲ್ಲಿ ನಮ್ಮದೇ ಕಾಫಿಯನ್ನು ನಮಗೇ ಇನ್ನೂರು ರೂಪಾಯಿಗೆ ಮಾರುವ ದಿನ ಬಂದೀತೆಂಬುದು ನನ್ನ ಭಯ.

"ಕಾಫಿಯ ಮಾತೆತ್ತಬೇಡ" ಎಂದು ಮಾವ ಥಟ್ಟನೆ ತಡೆದರು. ಆಮೇಲೆ, ಯಾರೂ ಕೇಳದಿದ್ದರೂ, ತಮ್ಮ ವಾದಕ್ಕೆ ತಾವೇ ಕೊಡಲಿಯಿಟ್ಟರು. ಹಿಂದೆ ಹಾಯಿ ಹಡಗುಗಳು ಆಫ್ರಿಕವನ್ನು ಬಳಸಿ ಯುರೋಪು ಸೇರುವಷ್ಟರಲ್ಲಿ ತಿಂಗಳುಗಳೇ ಕಳೆದು, ಸಮುದ್ರದ ತೇವಕ್ಕೆ ಕಾಫಿ ಬೀಜ ಊದಿ ಹಳದಿಗಟ್ಟುತ್ತಿತ್ತಂತೆ. ಅಲ್ಲಿನವರ ನಾಲಗೆಗೆ ಆ ರುಚಿಯೇ ಹತ್ತಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ದಾರಿ ಹತ್ತಿರವಾದಾಗ ಕಾಫಿ ತಾಜಾ ಆಗಿಯೇ ತಲುಪಿತು, ಕುಡಿಯುವವರು ಮುಖ ಸಿಂಡರಿಸಿದರು. ಅದಕ್ಕಾಗಿ ಇಂದಿಗೂ ಮಂಗಳೂರಿನ, ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಅರೇಬಿಕಾ ಚೆರಿಯನ್ನು, ಎಂದರೆ ಹಣ್ಣಿನೊಡನೆಯೇ ಒಣಗಿಸಿ ತೆಗೆದ ಬೀಜವನ್ನು, ಗಾಳಿಯಾಡುವ ಗೋಡೌನುಗಳಲ್ಲಿ ಹರವಿ, ಮಳೆಗಾಲದ ಕಡಲ ಗಾಳಿಗೆ ಮೂರು ನಾಲ್ಕು ತಿಂಗಳು ಒಡ್ಡುತ್ತಾರೆ, ನಡುನಡುವೆ ಕೈಯಾಡಿಸುತ್ತಾರೆ. ಹುಳಿ ಇಳಿದು ಬಂಗಾರದ ಬಣ್ಣಕ್ಕೆ ತಿರುಗಿದ ಆ ಬೀಜವೇ ಮಾನ್ಸೂನ್ಡ್ ಮಲಬಾರ್.

"ಎಂದರೆ ಮಾವ, ನೀವು ಬಯ್ಯುವ ಆ ಸೆಕೆ, ಆ ತೇವ, ಆ ಗೋಡೌನುಗಳಿಗೇ ಹೊರದೇಶದವರು ದುಡ್ಡು ಕೊಡುತ್ತಾರೆ" ಎಂದ ಅಳಿಯ.

"ದುಡ್ಡು ಬರುವುದು ಗೋಡೌನಿನವರಿಗೆ, ನನಗಲ್ಲ" ಎಂದು ಮಾವ ಪಾಯಸಕ್ಕೆ ಇನ್ನಷ್ಟು ಜೇನು ಸುರಿದುಕೊಂಡರು.

ಅಷ್ಟರಲ್ಲಿ ಮಂಗಳೂರಿನಿಂದ ಬಂದ ಜೀಪಿನ ಡ್ರೈವರಣ್ಣ ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ಜಗಲಿಗೆ ತಂದಿಳಿಸಿದ. ಜೂನ್ ಮತ್ತು ಜುಲೈನ 61 ದಿನಗಳ ರಜೆ ಮುಗಿಸಿ ಯಾಂತ್ರಿಕ ದೋಣಿಗಳು ಕಡಲಿಗಿಳಿದು ಎರಡು ದಿನವಾಗಿತ್ತು. ಮೀನಿನ ದೋಣಿಗಳು ತಂಗುವ ದಕ್ಕೆಯಲ್ಲಿ ಬೆಳಿಗ್ಗೆ ಐದಕ್ಕೇ ಕಾಲಿಡಲು ಜಾಗವಿರಲಿಲ್ಲವೆಂದೂ, ಯಾರೋ ಅಗೆದು ಮುಚ್ಚದೆ ಬಿಟ್ಟ ಗುಂಡಿಯಲ್ಲಿ ಜೀಪಿನ ಚಕ್ರ ಕೂತು ಅರ್ಧ ಗಂಟೆ ಹಾಳಾಯಿತೆಂದೂ ಅವನು ದೂರಿದ. ಮಂಜುಗಡ್ಡೆಯ ಚೂರುಗಳ ನಡುವೆ ಬಂಗುಡೆಗಳು ಬೆನ್ನಿನ ನೀಲಿ ಪಟ್ಟೆ ಕಾಣುವಂತೆ ಸಾಲಾಗಿ ಮಲಗಿದ್ದವು. ಮೀನಿನ ನೀರು ಜಗಲಿಯ ಮೇಲೆ ಹರಿದು ಜಗಲಿಯೆಲ್ಲ ದಕ್ಕೆಯ ವಾಸನೆ ಹಿಡಿಯಿತು. ಒಣಮೀನಿನ ವಾಸನೆಗೆ ಮೂಗು ಮುರಿಯುವ ಮಾವನೇ ಮೊದಲು ಬಗ್ಗಿ ಕಿವಿರು ಎತ್ತಿ ನೋಡಿದರು.

ಎಣಿಸಿದರೆ ಹದಿನೆಂಟು ಇದ್ದವು. ಕಕ್ಕಡ ಹದಿನೆಂಟಕ್ಕೆ ಸರಿಯಾಯಿತೆಂದು ಮೇಷ್ಟರು ಸಂತೋಷಪಡುತ್ತಿರುವಾಗಲೇ ಗೌಡರು ಚೀಲ ಬಿಡಿಸಿ ಮುಂದೆ ಬಂದು, "ಹದಿಮೂರು ನನಗೆ ಸಲ್ಲಬೇಕು, ದಿನಕ್ಕೊಂದರಂತೆ" ಎಂದರು.