ಫಾರ್ಚೂನರ್ ಡೀಸೆಲ್ ಮೈಲೇಜ್ ಏರ್ಸೋಕೆ ಏನ್ ಮಾಡ್ಸ್ಬೋದು?

ನಂದು 2.8 ಆಟೋಮ್ಯಾಟಿಕ್, ಹೈವೇಲಿ 12 ಕೊಡ್ತಿತ್ತು, ದೊಡ್ಡ ಸೈಜ್ ಆಲ್ ಟೆರೇನ್ ಟೈರು, ಮೇಲೆ ಕ್ಯಾರಿಯರ್ ಹಾಕ್ಸಿದ್ಮೇಲೆ 10ಕ್ಕೆ ಇಳಿದಿದೆ, ರಿಮ್ಯಾಪ್ (ಇಂಜಿನ್ ಕಂಪ್ಯೂಟರ್ ಸಾಫ್ಟ್‌ವೇರ್ ಸೆಟ್ಟಿಂಗ್ ಬದಲಾಯ್ಸೋದು) ಮಾಡ್ಸಿ ಇಜಿಆರ್ (ಹೊಗೆ ಸ್ವಲ್ಪ ವಾಪಸ್ ಇಂಜಿನ್ ಒಳಗೆ ಕಳ್ಸೋ ವ್ಯವಸ್ಥೆ) ಬಂದ್ ಮಾಡ್ಸಿದ್ರೆ ಏರುತ್ತೆ ಅಂತಾರೆ, ಮಾಡ್ಸ್ಲಾ?

ರಿಪ್ಲೈ: ಗುರು ಮೊದ್ಲು ಕ್ಯಾರಿಯರ್ ಬಿಚ್ಚಿಡು, ಖಾಲಿ ಇದ್ರೂ ಗಾಳಿ ತಡೆಯುತ್ತೆ. ಟೈರ್ ಪ್ರೆಶರ್ ಬೆಳಗ್ಗೆ ಗಾಡಿ ತಣ್ಣಗಿದ್ದಾಗ ನೋಡು, ಆಮೇಲೆ 110 ಬಿಟ್ಟು 85-90ರಲ್ಲಿ ಓಡ್ಸು, ನಿಜವಾಗ್ಲೂ ಉಳಿಯೋದು ಅಲ್ಲೇ.

ರಿಪ್ಲೈ: ಟೈರ್ ಸುತ್ತಳತೆ ದೊಡ್ಡದಾದ್ರೆ ಓಡೋಮೀಟರ್ ಕಮ್ಮಿ ಕಿಲೋಮೀಟರ್ ತೋರ್ಸುತ್ತೆ ಸಾರ್, ಜಿಪಿಎಸ್ ಜೊತೆ ಹೋಲ್ಸಿ ಫುಲ್ ಟ್ಯಾಂಕ್ ಟು ಫುಲ್ ಟ್ಯಾಂಕ್ ಲೆಕ್ಕ ಹಾಕಿ.

ರಿಪ್ಲೈ: ಇಜಿಆರ್ ಮುಟ್ಬೇಡಿ ದಯವಿಟ್ಟು! ನೈಟ್ರೋಜನ್ ಆಕ್ಸೈಡ್ ಜಾಸ್ತಿಯಾಗುತ್ತೆ, ಆ ಹೊಗೆ ಕುಡಿಯೋದು ನಮ್ಮ ಮಕ್ಳೇ. ರಿಮ್ಯಾಪಲ್ಲಿ ಟಾರ್ಕ್ ಸಿಗುತ್ತೆ ನಿಜ, ಆದ್ರೆ ಜೋರಾಗಿ ತುಳಿದ್ರೆ ಡೀಸೆಲ್ ಮತ್ತೂ ಹೆಚ್ಚೇ ಕುಡಿಯುತ್ತೆ.