ಕಲಬುರಗಿಯಲ್ಲಿ ಮೇ ತಿಂಗಳ ವಸತಿ ಶಿಬಿರ: ಮಕ್ಕಳ ಕೈಲಿ ಹೊಸ ಬಂದಿಶ್ ಮಾಡಿಸೋದು ಹೆಂಗ?

ತೊಗರಿನಾಡು:
ಮೇ ತಿಂಗಳದಾಗ ಕಲಬುರಗಿಯಲ್ಲಿ 10 ದಿನದ ವಸತಿ ಶಿಬಿರ ಇಡಬೇಕಂತ ಅದ. 14ರಿಂದ 18 ವರ್ಷದ 12 ಮಕ್ಕಳು, ಎಲ್ಲರೂ ನಾಲ್ಕೈದು ವರ್ಷ ಹಿಂದೂಸ್ತಾನಿ ಗಾಯನ ಕಲಿತವರು. ಒಬ್ಬೊಬ್ಬರೂ ಸ್ವಂತ ಬಂದಿಶ್ (ರಾಗ-ತಾಳಕ್ಕ ಕೂಡಿಸಿದ ಚಿಕ್ಕ ಹಾಡು) ರಚನೆ ಮಾಡಿ, ಕೊನೇ ದಿನ ರಾತ್ರಿ ಕಾರ್ಯಕ್ರಮ. ದಿನದ ವೇಳೆ ಹೆಂಗ ಹೊಂದಿಸಬೇಕು? ಒಂದು ಜೋಡಿ ತಬಲಾ, ಎರಡು ಹಾರ್ಮೋನಿಯಂ ಸಾಕಾ?

ಕರಿನೆಲ:
ರಚನೆ 5ನೇ ದಿನಕ್ಕ ಮುಗೀಬೇಕ್ರಿ. ಉಳಿದದ್ದು ತಿದ್ದಲಿಕ್ಕೆ, ತಾಲೀಮಿಗೆ. 9ನೇ ದಿನದ ತನಕ ಬರಕೋತ ಕೂತರ ವೇದಿಕೆ ಮ್ಯಾಲ ಅರೆಬೆಂದ ಹಾಡೇ ಗತಿ.

ಮೊದಲನೇ ದಿನಾನೇ ಮಿತಿ ಹಾಕಿಬಿಡ್ರಿ: ಒಂದೇ ರಾಗ, ಮಧ್ಯಲಯ (ನಡುವಿನ ವೇಗ) ತೀನ್‌ತಾಲ, ಅಂದರ 16 ಮಾತ್ರೆಯ ತಾಳ; ಸ್ಥಾಯಿ (ಹಾಡಿನ ಮೊದಲ ಭಾಗ) ಎರಡು ಆವರ್ತ (ತಾಳದ ಸುತ್ತು), ಅಂತರಾ (ಎರಡನೇ ಭಾಗ) ಎರಡು. ಮುಖಡಾ (ಹಾಡಿನ ಎತ್ತುಗಡೆ) 9ನೇ ಮಾತ್ರೆ, ಅಂದರ ಖಾಲಿಯಿಂದ (ಚಪ್ಪಾಳೆ ಇಲ್ಲದ ಜಾಗ) ಎತ್ತಿದರ ಸಮಕ್ಕ (ಮೊದಲ ಮಾತ್ರೆ) ಬರೋದರಾಗ 8 ಮಾತ್ರೆ ಸಿಗ್ತಾವ. ಹೊಸಬರಿಗೆ ಅದೇ ಸಲೀಸು. "ಏನರ ಮಾಡ್ರಿ" ಅಂದರ ರಾಗ ಆರಿಸೋದರಾಗೇ ಎರಡು ದಿನ ಹೋಗ್ತಾವ. ಸಾಹಿತ್ಯಕ್ಕ ವಚನ ಕೊಡಬ್ಯಾಡ್ರಿ, ಸಾಲಿನ ಅಳತಿ ಒಂದೇ ಇರಂಗಿಲ್ಲ. ಪಲ್ಲವಿ ಇರೋ ತತ್ವಪದ, ಇಲ್ಲಾ ಅವರೇ ಬರೆದ ನಾಲ್ಕು ಸಾಲು ಸಾಕು.

ಎಡವೋದು ಹೆಚ್ಚಾಗಿ ಅಕ್ಷರದಾಗ. ಲಘು ಅಕ್ಷರ ನಾಲ್ಕು ಮಾತ್ರೆ ಎಳೆದರ 'ಮಳೆ' ಹೋಗಿ 'ಮಾಳೆ' ಆಗ್ತದ. ಮೊದಲು ಕೈತಾಳ ಹಾಕಿ ಬರೇ ಮಾತಿನಾಗ ಹೇಳಿಸ್ರಿ, ಆಮ್ಯಾಲ ಸ್ವರ. ಭಾತಖಂಡೆ ಸ್ವರಲಿಪಿಯಲ್ಲಿ (ಕೋಮಲ, ಅಂದರ ತಗ್ಗಿಸಿದ ಸ್ವರಕ್ಕ ಕೆಳಗ ಗೆರೆ; ತಾರ, ಅಂದರ ಮ್ಯಾಲಿನ ಸಪ್ತಕದ ಸ್ವರಕ್ಕ ಮ್ಯಾಲ ಚುಕ್ಕಿ) ಬರೆದದ್ದನ್ನ ಇನ್ನೊಬ್ಬರ ಕೈಗೆ ಕೊಟ್ಟು ಹಾಡಿಸ್ರಿ. ಬರೆದವರು ಬಾಯಿ ಬಿಡಂಗಿಲ್ಲ! ಹಾಡೋರು ಎಲ್ಲಿ ತಡವರಿಸ್ತಾರೋ ಅಲ್ಲೇ ತಿದ್ದಬೇಕು.

ಬೀದರ್_ಬಾಗೇಶ್ರಿ:
ವೇಳೆ ಸರಳ. ಬೆಳಿಗ್ಗೆ 5:30ರಿಂದ 10 ಕಂಠದ ಕೆಲಸ, 12ರಿಂದ 4 ಒಳಗೆ ಕೂತು ಬರೆಯೋದು, ಬಿಸಿಲು ಇಳಿದ ಮೇಲೆ ತಾಲೀಮು. ತಗಡಿನ ಸೂರಿನ ಹಾಲ್ ಬೇಡವೇ ಬೇಡ. ಶಹಾಬಾದ್ ಫರ್ಸಿ (ಕಲ್ಲುಹಾಸು) ನೆಲ ಆದರೆ ದಪ್ಪ ಜಮಖಾನೆ ಹಾಸಿ, ಇಲ್ಲದಿದ್ದರೆ ದನಿ ಮಾರ್ದನಿಸಿ ಸಾಹಿತ್ಯ ತಿಳಿಯೋದಿಲ್ಲ.

ಹಾರ್ಮೋನಿಯಂ ಎರಡು ಸಾಕು. ಬರೆಯುವಾಗ ಅದನ್ನ ಕೊಡಲೇಬೇಡಿ, ಬೆರಳಿಗೆ ಬಂದದ್ದೇ ಬಂದಿಶ್ ಆಗಿಬಿಡುತ್ತೆ; ಮೊಬೈಲಿನ ತಾನ್‌ಪುರಾ ಇದ್ದರಾಯಿತು. ತಬಲಾ ವಿಷಯ ರಾಗದ ಮೇಲೆ ನಿಂತಿದೆ, ಅದನ್ನ ಹಾಡೋರ ಷಡ್ಜ (ಸ), ಮಧ್ಯಮ (ಮ) ಇಲ್ಲಾ ಪಂಚಮಕ್ಕೆ (ಪ) ಸೇರಿಸ್ತಾರೆ. ಹುಡುಗರ ಷಡ್ಜ ಕಪ್ಪು 1 (ಹಾರ್ಮೋನಿಯಂನ ಮೊದಲ ಕಪ್ಪು ಮನೆ), ಹುಡುಗಿಯರದ್ದು ಕಪ್ಪು 4 ಅಂತ ಇಟ್ಟುಕೊಳ್ಳಿ. ಕಪ್ಪು 4ರ ಶುದ್ಧ ಮಧ್ಯಮ ಕಪ್ಪು 1 ತಾನೇ, ಹಾಗಾಗಿ ಕಪ್ಪು 1ಕ್ಕೆ ಸೇರಿಸಿದ ಒಂದೇ ತಬಲಾ ಇಬ್ಬರಿಗೂ ನಡೆಯುತ್ತೆ. ಆದರೆ ಯಮನ್, ಭೂಪಾಲಿಯಲ್ಲಿ ಶುದ್ಧ ಮಧ್ಯಮ ಇಲ್ಲ. ಅಲ್ಲಿ ಹುಡುಗಿಯರಿಗೆ ಪಂಚಮಕ್ಕೆ, ಅಂದರೆ ಕಪ್ಪು 2ಕ್ಕೆ ಸೇರಿಸಿದ ಇನ್ನೊಂದು ತಬಲಾ ಬೇಕು. ರಾತ್ರಿ ಕಾರ್ಯಕ್ರಮ ಅಂದಿದ್ದೀರಿ, ಶುದ್ಧ ಮಧ್ಯಮ ಇರೋ ರಾತ್ರಿ ರಾಗ ಬಾಗೇಶ್ರಿ ಹಿಡಿದರೆ ಒಂದೇ ಜೋಡಿಯಲ್ಲಿ ಮುಗಿಯುತ್ತೆ. (ನನ್ನ ಹೆಸರು ನೋಡಿ ನಗಬೇಡಿ.)

ತಬಲಾ ಕೂಲರ್ ಎದುರು ಇಡಬೇಡಿ. ತೇವದ ಗಾಳಿಗೆ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತೆ, ಹೊರಗಿನ ಒಣ ಧಗೆಗೆ ಬಿಗಿದು ಏರುತ್ತೆ. ಹಾಡೋ ಜಾಗದಲ್ಲೇ ಅರ್ಧ ಗಂಟೆ ಬಿಟ್ಟು ಆಮೇಲೆ ಸುತ್ತಿಗೆ ಹಿಡೀರಿ.

ತೊಗರಿನಾಡು:
ಕಂಠ ಒಡೆಯೋ ವಯಸ್ಸಿನ ಹುಡುಗರು ಮೂರು ಮಂದಿ ಇದ್ದಾರ. ಅಂತರಾ ತಾರ ಷಡ್ಜಕ್ಕ ಹೋಗಲೇಬೇಕಲ್ಲ?

ಕರಿನೆಲ:
ಹೋಗ್ಲಿ ಬಿಡ್ರಿ. ರಚಿಸಿದವರೇ ಹಾಡಬೇಕಂತ ಏನೂ ಇಲ್ಲ. 6ನೇ ದಿನ ಬೇರೆ ಕಂಠಕ್ಕ ಒಪ್ಪಿಸ್ರಿ, ಆ ಹುಡುಗರು ತಾಲೀಮು ನಡೆಸಲಿ.